ಲಿಸ್ಬನ್ನಿನಲ್ಲಿ ಒಂದು ಹಗಲು: ಒಳ್ಳೆಮೆಣಸಿನ ದಾರಿಯ ಆಚೆಯ ತುದಿ

ಪ್ರವಾಸಿ ಹಡಗೊಂದು ಬಂದರಿನಲ್ಲಿ ನಿಲ್ಲುವುದು ಎಂಟು ಅಥವಾ ಹತ್ತು ಗಂಟೆಗಳ ಕಾಲ. ಬೆಳಿಗ್ಗೆ ಇಳಿಸುತ್ತಾರೆ, ಸಂಜೆ ಕರೆದುಕೊಂಡು ಹೋಗುತ್ತಾರೆ. ಇಷ್ಟರಲ್ಲಿ ಒಂದು ಊರಿನ ಇತಿಹಾಸವನ್ನು ನೋಡಲು ಸಾಧ್ಯವೇ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಅವರು ಸಕುಟುಂಬರಾಗಿ ಹಡಗಿನಲ್ಲಿ ಪೋರ್ಚುಗಲ್ಲಿಗೆ ಹೋಗುವವರಿದ್ದಾರೆ. 2019ರ ಮೇ ತಿಂಗಳಿನಲ್ಲಿ ಮಗಳು ಮತ್ತು ಅಳಿಯಂದಿರ ಒತ್ತಾಯಕ್ಕೆ ಮಣಿದು ನಾನೂ ನನ್ನ ಮನೆಯವರೂ ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ಹೊರಟು ಲಿಸ್ಬನ್ನಿನಲ್ಲಿ ಒಂದು ಹಗಲು ಕಳೆದಿದ್ದೆವು. ಆ ಹಗಲಿನ ವಿಚಾರವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಮೂವತ್ತಕ್ಕೂ ಹೆಚ್ಚು ವರ್ಷ ಕುಂದಾಪುರದ ಕಡೆಯ ಮಕ್ಕಳಿಗೆ ವಾಸ್ಕೋ ಡ ಗಾಮನ ಪಾಠ ಮಾಡಿದವನಿಗೆ ಆ ಬಂದರು ಬರಿಯ ವಿಹಾರಸ್ಥಳವಾಗಿ ಕಾಣುವುದು ಹೇಗೆ ಸಾಧ್ಯ?

ಮೊದಲು ಆ ಬಸ್ಸಿನ ವಿಷಯ. ನೋಡದವರಿಗಾಗಿ ಹೇಳುತ್ತೇನೆ. ಮೇಲ್ಛಾವಣಿಯಿಲ್ಲದ ಎರಡಂತಸ್ತಿನ ಬಸ್ಸುಗಳು ಊರಿನ ಮುಖ್ಯ ಸ್ಥಳಗಳನ್ನು ಒಂದು ಸುತ್ತಿನಲ್ಲಿ ಹಾದುಹೋಗುತ್ತವೆ. ಒಮ್ಮೆ ಟಿಕೇಟು ಕೊಂಡರೆ ಇಪ್ಪತ್ತನಾಲ್ಕು ಗಂಟೆಗಳ ಕಾಲ ಬೇಕಾದಲ್ಲಿ ಇಳಿಯಬಹುದು, ನೋಡಿ ಮುಗಿದ ಮೇಲೆ ಹಿಂದಿನಿಂದ ಬರುವ ಇನ್ನೊಂದು ಬಸ್ಸನ್ನು ಹತ್ತಬಹುದು. 'ಹಾಪ್ ಆನ್ ಹಾಪ್ ಆಫ್' ಎನ್ನುತ್ತಾರೆ. ಆಸನದ ಪಕ್ಕದ ಕಿಂಡಿಗೆ ಇಯರ್‌ಫೋನು ಸಿಕ್ಕಿಸಿ ಭಾಷೆಯ ಸಂಖ್ಯೆಯನ್ನು ಒತ್ತಿದರೆ ಧ್ವನಿಮುದ್ರಿತ ವಿವರಣೆ ಕೇಳಿಸುತ್ತದೆ. ಕನ್ನಡವಾಗಲಿ ಕೊಂಕಣಿಯಾಗಲಿ ಆ ಪಟ್ಟಿಯಲ್ಲಿರಲಿಲ್ಲ, ಇಂಗ್ಲಿಷಿನಲ್ಲಿಯೇ ಕೇಳಿದೆವು. ಹಡಗಿನವರೇ ಏರ್ಪಡಿಸುವ ಪ್ರವಾಸಗಳೂ ಇರುತ್ತವೆ, ಆದರೆ ದುಬಾರಿ. ಅವುಗಳಿಗೆ ಒಂದು ಅನುಕೂಲವಿದೆ: ಅವು ತಡವಾದರೆ ಹಡಗು ಕಾಯುತ್ತದೆ. ನಮ್ಮಂತೆ ಸ್ವತಂತ್ರವಾಗಿ ಹೋದವರಿಗೆ ಯಾರೂ ಕಾಯುವುದಿಲ್ಲ. ಆದ್ದರಿಂದ ಹಡಗು ಹೊರಡುವ ಹೊತ್ತಿಗಿಂತ ಕನಿಷ್ಠ ಒಂದೂವರೆ ಗಂಟೆ ಮುಂಚೆ ಹಿಂತಿರುಗುವಂತೆ ಲೆಕ್ಕ ಹಾಕಿಕೊಳ್ಳಬೇಕು.

ಈ ಬಸ್ಸುಗಳ ಬಗ್ಗೆ ಪಂಡಿತರು ಮೂಗು ಮುರಿಯುವುದನ್ನು ಕೇಳಿದ್ದೇನೆ. ನನಗೇನೋ ಅವು ಒಂದು ಪಠ್ಯಪುಸ್ತಕದಂತೆ ಕಂಡವು. ಒಂದು ಊರು ತನ್ನ ಕಥೆಯನ್ನು ಹೇಗೆ ಹೇಳಿಕೊಳ್ಳಲು ಇಷ್ಟಪಡುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ ಎಂಬುದೆಲ್ಲ ಆ ಒಂದು ಸುತ್ತಿನಲ್ಲಿ ತಿಳಿದುಬರುತ್ತದೆ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ತುಂಬುವುದು ಮೇಷ್ಟರ ಕೆಲಸವಷ್ಟೆ.

ಲಿಸ್ಬನ್ ಸಮುದ್ರದ ದಂಡೆಯಲ್ಲಿಲ್ಲ, ತೇಜೊ ನದಿಯ ಮುಖದಿಂದ ಸ್ವಲ್ಪ ಒಳಗಿದೆ. ಹಡಗು ನದಿಯೊಳಗೆ ಬರುವಾಗ ಎಡದಂಡೆಯ ಕಡೆಗೆ ಕಣ್ಣಿಟ್ಟಿದ್ದರೆ ಬೆಲೆಂ ಗೋಪುರವೂ ಶೋಧನೆಗಳ ಸ್ಮಾರಕವೂ ಕಾಣುತ್ತವೆ. ಬಳಿಕ 1966ರಲ್ಲಿ ಸಲಜಾರನ ಹೆಸರಿನಲ್ಲಿ ತೆರೆದು, 1974ರ ಕ್ರಾಂತಿಯ ಅನಂತರ ಏಪ್ರಿಲ್ 25ರ ಹೆಸರನ್ನು ಪಡೆದ ತೂಗುಸೇತುವೆಯ ಕೆಳಗೆ ಹಾದು ಸಾಂತಾ ಅಪೊಲೊನಿಯಾ ಕಟ್ಟೆಗೆ ತಲುಪುತ್ತೇವೆ. ಬೆಳಗಿನ ಜಾವ ಎದ್ದು ಮೇಲಿನ ಅಂಕಣಕ್ಕೆ ಹೋಗಲು ಉದಾಸೀನ ಮಾಡಬೇಡಿ. 1497ರ ಜುಲೈ 8ರಂದು ಗಾಮನ ಹಡಗುಗಳು ಹೊರಟದ್ದು ಇದೇ ಬೆಲೆಂ ದಡದಿಂದ. ಆಮೇಲಿನ ಕಾಲದಲ್ಲಿ ಭಾರತಕ್ಕೆ ಹೋಗುವ ನೌಕೆಗಳು ಮಾರ್ಚ್-ಏಪ್ರಿಲ್ ಹೊತ್ತಿಗೆ ಇಲ್ಲಿಂದ ಹೊರಟು ಸೆಪ್ಟೆಂಬರ್ ಸುಮಾರಿಗೆ, ಅಂದರೆ ನಮ್ಮ ಮಳೆಗಾಲ ಹಿಂದೆ ಸರಿದ ಮೇಲೆ, ಗೋವೆಯನ್ನು ಮುಟ್ಟುತ್ತಿದ್ದವು. ಆರು ತಿಂಗಳ ದಾರಿ.

ನಾವು ಕಟ್ಟೆಯ ಹೊರಗೆ ಬಸ್ಸು ಹತ್ತಿ, ಜನಸಂದಣಿ ಏರುವ ಮೊದಲೇ ಬೆಲೆಂಗೆ ಹೋಗುವುದೆಂದು ನಿಶ್ಚಯಿಸಿದೆವು. ದಾರಿಯಲ್ಲಿ ಮನೆಯವರಿಗೆ ಒಂದು ಹೊಸ ಆಟ ಸಿಕ್ಕಿತು. ಕೈಯಲ್ಲಿದ್ದ ನಕ್ಷೆಯಲ್ಲಿಯೂ ಅಂಗಡಿಯ ಫಲಕಗಳಲ್ಲಿಯೂ ನಮ್ಮೂರಿನ ಮಾತುಗಳನ್ನು ಹುಡುಕತೊಡಗಿದರು. ಇಗರ್ಜಿ ಇಲ್ಲಿ ಇಗ್ರೆಜಾ, ಚಾವಿ ಶಾವೆ, ಜನೇಲು ಜನೆಲಾ, ಬಾಲ್ದಿ ಬಾಲ್ದೆ. ಬಟಾಟೆಗೆ ವ್ಯತ್ಯಾಸವೇ ಇಲ್ಲ. ಇಯರ್‌ಫೋನಿನ ವಿವರಣೆಯಲ್ಲಿ ಇದಾವುದೂ ಇಲ್ಲ. ಮನೆಯ ಕಿಟಕಿಗೂ ಬೀಗದ ಕೈಗೂ ಹೆಸರು ಕೊಟ್ಟುಹೋದವರ ಊರಿನಲ್ಲಿ ನಾವು ಸುತ್ತುತ್ತಿದ್ದೇವೆಂಬುದು ಆಗ ಅವರಿಗೆ ಮನವರಿಕೆಯಾಯಿತು.

ಬೆಲೆಂನಲ್ಲಿ ನೋಡಲೇಬೇಕಾದದ್ದು ಜೆರೊನಿಮೊಸ್ ಮಠ. ಒಂದನೆಯ ಮನುವೆಲ್ ಅರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ಕಟ್ಟಲು ತೊಡಗಿದ ಈ ಮಠದ ಕಂಬಗಳ ಮೇಲೆ ಹಗ್ಗ, ಹವಳ, ಎಲೆ, ಬಳ್ಳಿಗಳನ್ನು ಕಡೆದಿದ್ದಾರೆ. ಬೇಲೂರನ್ನು ನೋಡಿದ ಕಣ್ಣಿಗೂ ಇದು ಸಣ್ಣ ಕೆಲಸವೆನಿಸುವುದಿಲ್ಲ. ಆದರೆ ನನ್ನ ಮನಸ್ಸು ಕೆತ್ತನೆಗಿಂತ ಖರ್ಚಿನ ಲೆಕ್ಕದ ಕಡೆಗೇ ಹರಿಯಿತು. ಪೂರ್ವದೇಶಗಳ ಮತ್ತು ಆಫ್ರಿಕದ ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ ಒಂದು ತೆರಿಗೆಯಿತ್ತು. 'ಮೆಣಸಿನ ಇಪ್ಪತ್ತನೆಯ ಪಾಲು' ಎಂಬ ಅರ್ಥದ ಹೆಸರೇ ಅದಕ್ಕೆ. ಆ ಹಣವನ್ನು ಅರಸನು ಈ ಮಠಕ್ಕೆ ಬಿಟ್ಟುಕೊಟ್ಟಿದ್ದನು. 'ಸಂಬಾರ ಪದಾರ್ಥಗಳ ಸಂಪತ್ತಿನಿಂದ ಕಟ್ಟಿದ್ದು' ಎಂದು ಇಯರ್‌ಫೋನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿತು. ಆ ಸಂಬಾರ ಯಾವ ಮಣ್ಣಿನಲ್ಲಿ ಬೆಳೆದದ್ದೆಂದು ಹೇಳಲಿಲ್ಲ.

ಮಲೆಯಾಳದ ಮೆಣಸಿನ ಮಾತು ಎಲ್ಲರಿಗೂ ಗೊತ್ತು. ನಮ್ಮ ಘಟ್ಟದ ಮೆಣಸಿನ ಮಾತು ಅಷ್ಟಾಗಿ ಗೊತ್ತಿಲ್ಲ. ಗೇರುಸೊಪ್ಪೆಯ ಸೀಮೆಯ ಮೆಣಸು ಶರಾವತಿಯ ದಾರಿಯಾಗಿ ಹೊನ್ನಾವರಕ್ಕೆ ಇಳಿಯುತ್ತಿತ್ತು. ಅಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ 'ಮೆಣಸಿನ ರಾಣಿ' ಎಂದು. 1568 ಮತ್ತು 1569ರಲ್ಲಿ ಅವರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಾಕಿಕೊಂಡರು. ಹೊನ್ನಾವರದಿಂದ ಮೆಣಸು, ಬಸರೂರಿನಿಂದ ಅಕ್ಕಿ. ಆ ಅಕ್ಕಿ ಗೋವೆಯ ಹೊಟ್ಟೆಗೆ ಹೋಗುತ್ತಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಈ ಮೂರೂ ಕಡೆಗಳಿಂದ ಓಡಿಸುವವರೆಗೂ ಅದು ನಡೆದಿತ್ತು. ಮೆಣಸು ಆಚೆಗೆ ಹೋಯಿತು. ಅದೇ ಹಡಗಿನವರು ಅಮೆರಿಕ ಖಂಡದಿಂದ ಇನ್ನೊಂದು ಖಾರದ ಕಾಯಿಯನ್ನು ಈಚೆಗೆ ತಂದರು. ಹೊಸ ಕಾಯಿಗೆ ಕನ್ನಡಿಗರು ಹಳೆಯ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಕರಾವಳಿಯಲ್ಲಿಯಂತೂ ಹೊಸದೇ 'ಮೆಣಸು' ಆಗಿ ಕುಳಿತು, ಹಳೆಯದನ್ನು 'ಒಳ್ಳೆಮೆಣಸು' ಎಂದು ಬೇರೆ ಮಾಡಿ ಹೇಳಬೇಕಾಯಿತು. ಅಜ್ಜಿ ಕಷಾಯಕ್ಕೆ ಒಳ್ಳೆಮೆಣಸು ತಾ ಎಂದಾಗ ಐದು ಶತಮಾನಗಳ ಸಮುದ್ರವ್ಯಾಪಾರ ಅವರ ಬಾಯಲ್ಲಿರುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದುದು ನೆನಪಿದೆ.

ಮಠದ ಚರ್ಚಿನ ಒಳಗೆ ಅರಸರ ಸಮಾಧಿಗಳಿವೆ. ಮನುವೆಲ್ಲನ ಮತ್ತು ಅವನ ಮಗ ಮೂರನೆಯ ಜುವಾಂವನ ಶಿಲಾಪೆಟ್ಟಿಗೆಗಳನ್ನು ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು. ನಮ್ಮ ದೇವಾಲಯಗಳಲ್ಲಿ ಆನೆಗಳು ಗೋಡೆಯನ್ನು ಹೊರುತ್ತವೆ, ಇಲ್ಲಿ ಅರಸರನ್ನು. ಇನ್ನು ಬಾಗಿಲ ಬಳಿಯಲ್ಲಿ, ಕವಿ ಕಮೊಯಿಂಶನ ಸಮಾಧಿಗೆ ಎದುರಾಗಿ, ವಾಸ್ಕೋ ಡ ಗಾಮನದು.

ಇಲ್ಲಿ ನಾನು ಬಹಳ ಹೊತ್ತು ನಿಂತೆ. 1986ರ ಶಾಲಾಪ್ರವಾಸಕ್ಕೆ ಬಂದಿದ್ದವರಿಗೆ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚು ಮರೆತಿರಲಾರದು. ನೆಲದಲ್ಲಿ ಕಟಕಟೆ ಹಾಕಿದ್ದ ಒಂದು ಕಲ್ಲನ್ನು ತೋರಿಸಿ, 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡ ಗಾಮನನ್ನು ಮೊದಲು ಹೂಳಿದ್ದು ಇಲ್ಲಿ, ಆಮೇಲೆ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು ಎಂದಾಗ, 'ಹಾಗಾದರೆ ಒಳಗೆ ಏನೂ ಇಲ್ಲವಾ ಸರ್?' ಎಂದು ಒಬ್ಬ ಹುಡುಗ ನಿರಾಶೆಯಿಂದ ಕೇಳಿದ್ದ. ಆ ಖಾಲಿ ಕಲ್ಲಿನ ಇನ್ನೊಂದು ತುದಿಯನ್ನು ನೋಡಲು ನನಗೆ ಮೂವತ್ತಮೂರು ವರ್ಷ ಬೇಕಾಯಿತು. ಅಸ್ಥಿ ನೇರವಾಗಿ ಇಲ್ಲಿಗೆ ಬಂದದ್ದೂ ಅಲ್ಲ. ಮೊದಲು ಅವನ ಜಹಗೀರಾದ ವಿದಿಗೈರಾದಲ್ಲಿದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೇಶಾಭಿಮಾನದ ಉತ್ಸಾಹದಲ್ಲಿ ಇಲ್ಲಿಗೆ ತಂದದ್ದು. ಶಿಲೆಯ ಮೇಲೆ ಕೈಜೋಡಿಸಿ ಶಾಂತನಾಗಿ ಮಲಗಿರುವ ಮೂರ್ತಿಯಿದೆ. ಇದೇ ಮನುಷ್ಯನು 1502ರಲ್ಲಿ ಎರಡನೆಯ ಬಾರಿ ಬಂದಾಗ ಹೊನ್ನಾವರ ಮತ್ತು ಭಟ್ಕಳಗಳ ಮೇಲೆ ಬಿದ್ದನು; ಭಟ್ಕಳದವರು ಅಕ್ಕಿಯ ಕಪ್ಪ ಕೊಡಲು ಒಪ್ಪಬೇಕಾಯಿತು. ಅದೇ ಯಾತ್ರೆಯಲ್ಲಿ ಮೆಕ್ಕಾದಿಂದ ಹಿಂತಿರುಗುತ್ತಿದ್ದ ಯಾತ್ರಿಕರ ಹಡಗೊಂದನ್ನು ಹಿಡಿದು, ಹೆಂಗಸರು ಮಕ್ಕಳು ಸಹಿತ ನೂರಾರು ಜನರಿದ್ದಂತೆಯೇ ಬೆಂಕಿ ಹಚ್ಚಿಸಿದನು. ಇದನ್ನು ಬರೆದಿಟ್ಟವರೂ ಪೋರ್ಚುಗೀಸರೇ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸಮಾಧಿಯ ಮುಂದೆ ಜನ ಸಾಲಾಗಿ ಫೋಟೋ ತೆಗೆದುಕೊಳ್ಳುತ್ತಿದ್ದರು. ನನಗೆ ಕೋಪ ಬರಲಿಲ್ಲ. ಆದರೆ ಕೈ ಮುಗಿಯಲೂ ಮನಸ್ಸಾಗಲಿಲ್ಲ.

ನದಿಯ ದಂಡೆಯ ಶೋಧನೆಗಳ ಸ್ಮಾರಕ ನೋಡಲು ಹಳೆಯದರಂತೆ ಕಂಡರೂ ಹಳೆಯದಲ್ಲ. 1940ರ ಪ್ರದರ್ಶನಕ್ಕಾಗಿ ತಾತ್ಕಾಲಿಕವಾಗಿ ನಿಲ್ಲಿಸಿದ್ದನ್ನು, ರಾಜಕುಮಾರ ಹೆನ್ರಿ ತೀರಿಕೊಂಡ ಐನೂರನೆಯ ವರ್ಷವೆಂದು 1960ರಲ್ಲಿ ಕಾಂಕ್ರೀಟು ಮತ್ತು ಕಲ್ಲಿನಲ್ಲಿ ಮತ್ತೆ ಕಟ್ಟಿದರು. ಹಡಗಿನ ಮೂತಿಯಂತಹ ಆಕಾರ. ಎರಡು ಬದಿಗಳಲ್ಲಿ ನಾವಿಕರು, ಪಾದ್ರಿಗಳು, ಕವಿಗಳು. ಎದುರಿನ ನೆಲದಲ್ಲಿ ದಕ್ಷಿಣ ಆಫ್ರಿಕದ ಕೊಡುಗೆಯಾದ ಬೃಹತ್ ದಿಕ್ಸೂಚಿಯ ನಡುವೆ ಭೂಪಟ. 1960ನೆಯ ವರ್ಷವನ್ನು ಗಮನಿಸಿ. ಆಗ ಗೋವೆ ಇನ್ನೂ ಇವರ ಕೈಯಲ್ಲಿತ್ತು, ಬಿಡುವುದಿಲ್ಲವೆಂದು ಸಲಜಾರನು ಹಟ ಹಿಡಿದಿದ್ದನು. ಮರುವರ್ಷವೇ, 1961ರ ಡಿಸೆಂಬರ್ 18 ಮತ್ತು 19ರಂದು, ಭಾರತದ ಸೈನ್ಯ ಗೋವೆಯನ್ನು ಬಿಡಿಸಿಕೊಂಡಿತು. ಲಿಸ್ಬನ್ ಅದನ್ನು ಒಪ್ಪಿ ಸಹಿ ಹಾಕಿದ್ದು ಅಲ್ಲಿನ ಕ್ರಾಂತಿಯ ಅನಂತರ, 1974ರ ಕೊನೆಯಲ್ಲಿ. ಕೈಯಿಂದ ಜಾರುತ್ತಿರುವುದನ್ನು ಕಲ್ಲಿನಲ್ಲಿ ಹಿಡಿದಿಡುವ ಪ್ರಯತ್ನವೆಂದು ನಾನು ಆ ಸ್ಮಾರಕವನ್ನು ಓದಿದೆ.

ಬೆಲೆಂ ಗೋಪುರವನ್ನು ಹೊರಗಿನಿಂದಲೇ ನೋಡಿದೆವು. ಅದರ ಒಂದು ಮೂಲೆಯ ಕಾವಲುಗೂಡಿನ ಕೆಳಗೆ, ಮಳೆಗಾಳಿಗೆ ಸವೆದ ಒಂದು ಖಡ್ಗಮೃಗದ ತಲೆಯಿದೆ. ಅದರ ಕಥೆಗೆ ಬಸ್ಸಿನಲ್ಲಿ ಹಿಂತಿರುಗಿ ವಾಣಿಜ್ಯ ಚೌಕಕ್ಕೆ ಬರಬೇಕು.

ನದಿಗೆ ಮುಖಮಾಡಿದ, ಮೂರು ಕಡೆ ಹಳದಿ ಕಟ್ಟಡಗಳ ಸಾಲಿರುವ ಈ ವಿಶಾಲ ಚೌಕಕ್ಕೆ ಊರಿನವರು ಇಂದಿಗೂ 'ಅರಮನೆಯ ಅಂಗಳ' ಎನ್ನುತ್ತಾರೆ. ಅರಮನೆ ಮಾತ್ರ ಇಲ್ಲ. ಮನುವೆಲ್ಲನ ಅರಮನೆಯೂ ಅದಕ್ಕೆ ಸೇರಿದಂತೆ 'ಕಾಸಾ ದ ಇಂಡಿಯಾ' ಎಂಬ ಕಚೇರಿ-ಉಗ್ರಾಣವೂ ಇದ್ದದ್ದು ಇಲ್ಲಿ. ಅರಸನು ಮೆಣಸಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯದಲ್ಲಿಟ್ಟುಕೊಂಡು, ಬಂದ ಸರಕನ್ನು ತೂಗಿಸಿ ಮಾರಿಸುತ್ತಿದ್ದ ಜಾಗ. 1515ರ ಮೇ 20ರಂದು ಭಾರತದಿಂದ ಬಂದ ಹಡಗಿನಿಂದ ಒಂದು ಜೀವಂತ ಖಡ್ಗಮೃಗ ಇಳಿಯಿತು. ಗುಜರಾತಿನ ಸುಲ್ತಾನನು ಅಲ್ಬುಕರ್ಕನಿಗೆ ಕೊಟ್ಟ ಉಡುಗೊರೆ. ಅವನು ಅರಸನಿಗೆ ಕಳಿಸಿದ್ದನು. ಅಲ್ಲಿಯೂ ಅದರ ಹೆಸರು 'ಗಂಡಾ' ಎಂದೇ, ನಮ್ಮ ಘೇಂಡಾಮೃಗದ ನಂಟಿನ ಶಬ್ದ. ಆನೆಗೂ ಖಡ್ಗಮೃಗಕ್ಕೂ ಬದ್ಧವೈರವೆಂಬ ಹಳೆಯ ರೋಮನರ ಮಾತನ್ನು ಪರೀಕ್ಷಿಸಲೆಂದು ಜೂನ್ 3ರಂದು ಇದೇ ಅಂಗಳದಲ್ಲಿ ಎರಡನ್ನೂ ಎದುರುಬದುರು ಬಿಟ್ಟರು. ಆನೆ ಓಡಿಹೋಯಿತು. ಮುಂದೆ ಪೋಪರಿಗೆ ಕಾಣಿಕೆಯಾಗಿ ಕಳಿಸಿದಾಗ ಆ ಬಡಪ್ರಾಣಿ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ ಸತ್ತಿತು. ಅದನ್ನು ಕಣ್ಣಾರೆ ಕಾಣದ ಜರ್ಮನಿಯ ಡ್ಯೂರರನು ಕೇಳಿದ ವಿವರದಿಂದ ಬರೆದ ಚಿತ್ರ ಮಾತ್ರ ಜಗತ್ಪ್ರಸಿದ್ಧವಾಯಿತು.

1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಇಗರ್ಜಿಗಳಲ್ಲಿ ಸೇರಿದ್ದ ಹೊತ್ತಿನಲ್ಲಿ ಭೂಕಂಪವಾಯಿತು. ನದಿ ಹಿಂದೆ ಸರಿದು ಅಲೆಯಾಗಿ ಮೇಲೇರಿತು. ಹಬ್ಬದ ದೀಪಗಳಿಂದಲೂ ಅಡುಗೆಯ ಒಲೆಗಳಿಂದಲೂ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಅರಮನೆ, ಅದರ ಪುಸ್ತಕಭಂಡಾರ, ಕಾಸಾ ದ ಇಂಡಿಯಾದ ದಫ್ತರಗಳು ಎಲ್ಲವೂ ಹೋದವು. ನಮ್ಮ ಕರಾವಳಿಯಿಂದ ಏನೇನು, ಎಷ್ಟೆಷ್ಟು ಹೋಯಿತೆಂಬ ಲೆಕ್ಕದ ಬಹುಭಾಗ ಆ ಒಂದು ವಾರದಲ್ಲಿ ಬೂದಿಯಾಯಿತೆಂದರೆ ನೀವು ನನ್ನ ಸಂಕಟವನ್ನು ಊಹಿಸಬಹುದು. ಊರನ್ನು ಮತ್ತೆ ಕಟ್ಟಿಸಿದವನು ಮುಂದೆ ಪೊಂಬಾಲ್ ಎಂಬ ಬಿರುದಿನಿಂದ ಪ್ರಸಿದ್ಧನಾದ ಮಂತ್ರಿ. ಬಸ್ಸು ಅವನ ಎತ್ತರದ ಪ್ರತಿಮೆಯನ್ನು ಸುತ್ತುಹಾಕಿಯೇ ಹೋಗುತ್ತದೆ. ಚೌಕದ ಹಿಂದಿನ ನೆಟ್ಟನೆಯ ಬೀದಿಗಳು, ಗೋಡೆಯೊಳಗೆ ಮರದ ಪಂಜರವಿಟ್ಟು ಕಟ್ಟಿದ ಮನೆಗಳು ಆ ಕಾಲದವು. ಆದರೆ ನನಗೆ ಪೂಜ್ಯನೆನಿಸಿದವನು ಬೇರೊಬ್ಬ. ಬೆಟ್ಟದ ಕೋಟೆಯ ಬುರುಜೊಂದರಲ್ಲಿ ರಾಜ್ಯದ ದಾಖಲೆಗಳಿದ್ದವು, ಬುರುಜು ಕುಸಿಯಿತು. ಅದರ ಪಾಲಕನಾಗಿದ್ದ ಮನುವೆಲ್ ದ ಮಾಯಾ ಆಗ ಎಪ್ಪತ್ತೆಂಟರ ಮುದುಕ. ಅವನು ಕಲ್ಲುಮಣ್ಣಿನ ಅಡಿಯಿಂದ ಕಾಗದಗಳನ್ನು ತೆಗೆಸಿ ಮರದ ಗುಡಿಸಲಿನಲ್ಲಿ ಕಾಪಾಡಿದನು. ಅವನೇ ರಾಜ್ಯದ ಮುಖ್ಯ ಎಂಜಿನಿಯರನೂ ಆಗಿದ್ದು ಹೊಸ ಊರಿನ ನಕ್ಷೆಗಳ ಹೊಣೆಯನ್ನೂ ಹೊತ್ತನು. ನಿವೃತ್ತರೆಂದು ಕುಳಿತಿರುವ ನಾವೆಲ್ಲ ಇವನ ಹೆಸರನ್ನು ಒಮ್ಮೆಯಾದರೂ ನೆನೆಯಬೇಕು.

ಕಾಗದದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಕೃಷ್ಣದೇವರಾಯನ ಕಾಲದ ಹಂಪೆಯ ಮಹಾನವಮಿಯನ್ನು, ಬೀದಿಗಳನ್ನು, ಪೇಟೆಯನ್ನು ನಾವು ಕಣ್ಣಿಗೆ ಕಟ್ಟುವಂತೆ ಓದುತ್ತೇವಲ್ಲ, ಅದನ್ನು ಬರೆದವರು ದೊಮಿಂಗೊ ಪಾಯೆಸ್ ಮತ್ತು ಫೆರ್ನಾಂವ್ ನೂನಿಜ್ ಎಂಬ ಪೋರ್ಚುಗೀಸರು. ಪ್ಯಾರಿಸಿನಲ್ಲಿದ್ದ ಆ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದರು. ಗಾಮನ ಯಾತ್ರೆಯ ನಾನೂರನೆಯ ವರ್ಷದ ಸಂಭ್ರಮದ ಹೊತ್ತದು. ರಾಬರ್ಟ್ ಸೀವೆಲ್ ಅದನ್ನೇ ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದ ಮೇಲೆ ವಿಜಯನಗರದ ಅಧ್ಯಯನದ ದಿಕ್ಕೇ ಬದಲಾಯಿತು. ಗಾಮನನ್ನು ಮೆರೆಸಲು ಹೊರಟ ಉತ್ಸವದಿಂದ ನಮಗೆ ಕೃಷ್ಣದೇವರಾಯನ ಹಂಪೆ ಸಿಕ್ಕಿತು. ಇತಿಹಾಸದಲ್ಲಿ ಇಂತಹ ಅಡ್ಡಫಲಗಳು ಬಹಳ.

ಚೌಕದಿಂದ ಬೀದಿಗುಂಟ ಹತ್ತು ನಿಮಿಷ ನಡೆದರೆ ರೊಸ್ಸಿಯು. ಅಲೆಯಲೆಯಾಗಿ ಕಪ್ಪುಬಿಳಿ ಕಲ್ಲು ಹಾಸಿದ ಸುಂದರ ಮೈದಾನ. ಅದರ ತಲೆಯ ಕಡೆ ಬಿಳಿಯ ಕಂಬಗಳ ರಾಷ್ಟ್ರೀಯ ನಾಟಕಶಾಲೆ. ಅಲ್ಲಿ ಹಿಂದೆ ಇದ್ದದ್ದು ಇನ್‌ಕ್ವಿಸಿಶನ್ನಿನ, ಅಂದರೆ ಮತವಿಚಾರಣೆಯ ಕಚೇರಿಯ, ಅರಮನೆ. ಪೋರ್ಚುಗಲ್ಲಿನಲ್ಲಿ 1536ರಲ್ಲಿ ಸ್ಥಾಪಿತವಾದ ಈ ಕಚೇರಿಯ ಶಾಖೆ 1560ರಲ್ಲಿ ಗೋವೆಗೆ ಬಂದು 1812ರವರೆಗೆ ನಡೆಯಿತು. ನಡುವೆ 1774ರಲ್ಲಿ ಪೊಂಬಾಲನು ಅದನ್ನು ಮುಚ್ಚಿಸಿದ್ದನು. ಅವನು ಅಧಿಕಾರದಿಂದ ಇಳಿದ ಮೇಲೆ ಮತ್ತೆ ತೆರೆಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ನ್ಯಾಯಾಲಯದ ಕಣ್ಣು ಮುಖ್ಯವಾಗಿ ದೀಕ್ಷೆ ಪಡೆದ ಕ್ರೈಸ್ತರ ಮೇಲೆ: ಹಳೆಯ ಪದ್ಧತಿಗಳನ್ನು ಗುಟ್ಟಾಗಿ ಇಟ್ಟುಕೊಂಡಿದ್ದಾರೆಯೇ ಎಂಬ ಸಂಶಯ. ಹಿಂದೂಗಳಿಗೆ ಬಿದ್ದ ಪೆಟ್ಟು ಹೆಚ್ಚಾಗಿ ಬೇರೆ ಆಜ್ಞೆಗಳಿಂದ, ದೇವಾಲಯಗಳನ್ನು ಕೆಡವಿದ್ದರಿಂದ. ಹೀಗಾಗಿ ಗೋವೆಯಿಂದ ಕೆನರಾದ ಕಡೆಗೆ ಗುಳೆ ಬಂದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಮುಂದೆ ಬರಗಾಲಗಳೂ ಮರಾಠರ ಯುದ್ಧಗಳೂ ಅದಕ್ಕೆ ಸೇರಿದವು. ನಮ್ಮ ಮನೆಯ ಕೊಂಕಣಿಗೂ, ನನ್ನ ಜೊತೆಯಲ್ಲಿ ಗಣಿತ ಕಲಿಸುತ್ತಿದ್ದ ಕ್ರೈಸ್ತ ಮಿತ್ರರ ಕೊಂಕಣಿಗೂ ಹೊರಟ ಊರು ಒಂದೇ. ನಮ್ಮ ಕುಲದೇವರಾದ ಮಂಗೇಶನ ಲಿಂಗವನ್ನು 1560ರಲ್ಲಿ ಕುಶಸ್ಥಳಿಯಿಂದ ನದಿಯಾಚೆಯ ಪ್ರಿಯೋಳಕ್ಕೆ ಸಾಗಿಸಿದ ಕಥೆಯನ್ನು ನಮ್ಮ ಮನೆಯ ಮಕ್ಕಳೆಲ್ಲ ಕೇಳಿಯೇ ಬೆಳೆದವರು. ಅದರ ಆಜ್ಞೆಗಳ ಬೇರು ಈ ಊರಿನಲ್ಲಿದೆ ಎಂದು ಮಗಳಿಗೆ ಅಲ್ಲಿ ನಿಂತು ಹೇಳಿದೆ. ಅವಳು ಕಾರಂಜಿಯ ಕಟ್ಟೆಯ ಮೇಲೆ ಕುಳಿತು, 'ಬಸ್ಸಿನವರು ಇದನ್ನು ಹೇಳಲೇ ಇಲ್ಲವಲ್ಲ' ಎಂದಳು.

ಪಕ್ಕದ ಸಾಂವ್ ದೊಮಿಂಗೋಸ್ ಇಗರ್ಜಿಯ ಮುಂದೆ ಒಂದು ಸಣ್ಣ ಸ್ಮಾರಕವಿದೆ. 1506ರ ಏಪ್ರಿಲ್‌ನಲ್ಲಿ ಇಲ್ಲಿ ಶುರುವಾದ ಗಲಭೆಯಲ್ಲಿ, ಬಲವಂತದಿಂದ ಕ್ರೈಸ್ತರಾಗಿದ್ದ ಯಹೂದ್ಯರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದರು. ಆ ಕಲ್ಲನ್ನು ಇಟ್ಟದ್ದು 2008ರಲ್ಲಿ. ಐನೂರೆರಡು ವರ್ಷ ಬೇಕಾದರೂ, ಊರು ತನ್ನ ನಡುಬೀದಿಯಲ್ಲಿಯೇ ಅದನ್ನು ಇಟ್ಟಿತಲ್ಲ ಎಂದು ನನಗೆ ಗೌರವ ಮೂಡಿತು.

ಹಿಂತಿರುಗಲು ಬಸ್ಸಿಗೆ ಕಾಯದೆ ನದಿಯ ಗುಂಟ ನಡೆದೇ ಬಂದೆವು. ಸುಮಾರು ಇಪ್ಪತ್ತೈದು ನಿಮಿಷ. ದಾರಿಯಲ್ಲಿ, ವಜ್ರದ ಮೊನೆಯಂತಹ ಕಲ್ಲುಗಳನ್ನು ಮೈತುಂಬ ಹೊದ್ದ ಒಂದು ಮನೆಯಿದೆ: ಕಾಸಾ ದುಸ್ ಬಿಕುಸ್. ಬೆಳಿಗ್ಗೆ ಬಸ್ಸಿನಿಂದ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಿಂದೆ ಸರಿದುಹೋಗಿತ್ತು. 1523ರ ಸುಮಾರಿಗೆ ಇದನ್ನು ಕಟ್ಟಿಸಿದವನು ಅಲ್ಬುಕರ್ಕನ ಮಗ ಬ್ರಾಸ್. 1510ರಲ್ಲಿ ನಮ್ಮ ಹೊನ್ನಾವರದ ತಿಮ್ಮೋಜನ ನೆರವಿನಿಂದ ಗೋವೆಯನ್ನು ಗೆದ್ದ ಅಲ್ಬುಕರ್ಕನೇ. ತಂದೆಯ ಕಾರ್ಯಗಳನ್ನು ಗ್ರಂಥರೂಪಕ್ಕಿಳಿಸಿ 1557ರಲ್ಲಿ ಪ್ರಕಟಿಸಿದವನೂ ಈ ಮಗನೇ. ಭೂಕಂಪದಲ್ಲಿ ಮೇಲಿನ ಅಂತಸ್ತುಗಳು ಬಿದ್ದು, ಎರಡು ಶತಮಾನಗಳ ಮೇಲೆ, 1980ರ ದಶಕದಲ್ಲಿ, ಮತ್ತೆ ಕಟ್ಟಿದರು. 2012ರಿಂದ ಅದು ನೊಬೆಲ್ ಪುರಸ್ಕೃತ ಕಾದಂಬರಿಕಾರ ಜುಜೆ ಸರಮಾಗುವಿನ ಪ್ರತಿಷ್ಠಾನದ ಮನೆ. ಹದಿನಾರನೆಯ ಶತಮಾನದಲ್ಲಿ ಲಿಸ್ಬನ್ನಿನಿಂದ ವಿಯೆನ್ನಾಕ್ಕೆ ಹೋದ ಭಾರತದ ಆನೆಯೊಂದರ ಕಥೆಯನ್ನು ಕಾದಂಬರಿಯಾಗಿ ಬರೆದವನು ಇವನೇ. ಅವನ ಚಿತಾಭಸ್ಮವನ್ನು ಎದುರಿನ ಆಲಿವ್ ಮರದ ಬುಡದಲ್ಲಿ ಇಟ್ಟಿದ್ದಾರೆ. ಮರವನ್ನು ಅವನ ಹುಟ್ಟೂರಿನಿಂದ ತಂದು ನೆಟ್ಟದ್ದಂತೆ. ಅದರ ನೆರಳಿನ ಬೆಂಚಿನಲ್ಲಿ ಮನೆಯವರು ಕಾಲು ಚಾಚಿ ಕುಳಿತು, ಉಳಿದಿದ್ದ ಚಕ್ಕುಲಿಯನ್ನು ಎಲ್ಲರಿಗೂ ಹಂಚಿದರು. ಆಗ ನಾಲ್ಕು ಗಂಟೆ; ಹಡಗಿನ ಬಾಗಿಲು ಮುಚ್ಚಲು ಇನ್ನೂ ಒಂದೂವರೆ ಗಂಟೆ ಇತ್ತು.